ರಾಯಚೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ

ಡಿಸೆಂಬರ್ ಮೊದಲ ವಾರ. ಮಾವಿನಕೆರೆ ಕಡೆಯ ಒಬ್ಬ ಅಮ್ಮ ನನ್ನ ಅಂಗಡಿಗೆ ಬಂದು ಕೂತರು. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಚೀಲದ ತಳದಲ್ಲಿ ಇಟ್ಟುಕೊಂಡಿದ್ದರು. ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾಳೆ. ಫೆಬ್ರವರಿ ಮೊದಲ ವಾರ ಹೆರಿಗೆ. ಇವರು ಬಾಣಂತನಕ್ಕೆ ಹೊರಟವರು. ಟಿಕೆಟ್ ದರ ಕೇಳಲೇ ಇಲ್ಲ. "ಯವ್ವಾ, ಅದು ಎಷ್ಟ್ ದೂರ ಅದ? ಆಕಿಗೆ ನೋವು ಬಂತು ಅಂತ ಫೋನ್ ಬಂದ್ರ, ನಾ ಎಷ್ಟೊತ್ತಿಗೆ ಹೋಗಿ ಮುಟ್ತೀನಿ?" ಅಂದರು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ 14 ವರ್ಷದಿಂದ ಟಿಕೆಟ್ ಬುಕಿಂಗ್ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳದವರೇ ಇಲ್ಲ. ಟಿಕೆಟ್ ಮೇಲೆ ಹೊರಡುವ ಹೊತ್ತು ಇರುತ್ತದೆ, ಇಳಿಯುವ ಹೊತ್ತು ಇರುತ್ತದೆ. ಆದರೆ ಒಂದನ್ನು ಇನ್ನೊಂದರಿಂದ ಕಳೆದರೆ ಸಿಗೋದು ಪ್ರಯಾಣದ ಹೊತ್ತಲ್ಲ. ಗೋಡೆಯ ನಕ್ಷೆ ನೋಡಿದರೆ ಸಿಗೋದು ವಿಮಾನದ ದಾರಿಯೂ ಅಲ್ಲ. ಎರಡೂ ತಪ್ಪಿದಾಗ ಮನೆಯಲ್ಲಿ ಉಳಿದವರು ಸುಮ್ನೆ ಒಂದು ರಾತ್ರಿಯೆಲ್ಲ ಗಾಬರಿಯಲ್ಲಿ ಕಳೆಯುತ್ತಾರೆ. ಆ ಅಮ್ಮನಿಗೆ ನಾನು ಹೇಗೆ ಲೆಕ್ಕ ಮಾಡಿ ತೋರಿಸಿದೆನೋ ಹಾಗೇ ಇಲ್ಲಿ ಬರೆಯುತ್ತೇನೆ. ನಿಮ್ಮ ಮಗ ಶಾರ್ಜಾದಲ್ಲಿರಲಿ, ಲಂಡನ್‌ನಲ್ಲಿರಲಿ, ಲೆಕ್ಕ ಇದೇ.

ನಕ್ಷೆ ಬಿಡಿ, ಗೋಳ ತನ್ನಿ

ನಮ್ಮ ಶಾಲೆಗಳಲ್ಲಿ ತೂಗು ಹಾಕುವ ಪ್ರಪಂಚದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚೂ ಕಮ್ಮಿ ಆಫ್ರಿಕಾದಷ್ಟೇ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ದುಂಡಗಿರೋದನ್ನು ಚಪ್ಪಟೆ ಹಾಳೆಗೆ ಹಾಸಬೇಕಾದರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಅಲ್ವಾ? ಆ ನಕ್ಷೆಯಲ್ಲಿ ಎಳೆತ ಜಾಸ್ತಿ ಬಿದ್ದಿರೋದು ಉತ್ತರ ಮತ್ತು ದಕ್ಷಿಣದ ತುದಿಗಳಿಗೆ. ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಹಾಯೋದು ಅದೇ ಉತ್ತರದ ತುದಿಯ ಹತ್ತಿರ. ಹಾಗಾಗಿ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ದಾರಿಯೂ ತಪ್ಪು, ದೂರವೂ ತಪ್ಪು.

ನನ್ನ ಮೇಜಿನ ಮೇಲೆ 12 ಇಂಚಿನ ಒಂದು ಗೋಳ ಇದೆ. ಪುಸ್ತಕದ ಅಂಗಡಿಯಲ್ಲಿ ಮಕ್ಕಳಿಗೆ ಅಂತ ಮಾರುವ ಗೋಳವೇ. ಜೊತೆಗೆ ಒಂದು ಮಾರು ದಾರ. ಹೊಲಿಗೆ ದಾರ ಬೇಡ, ಜಾರುತ್ತದೆ. ಹೂ ಕಟ್ಟುವ ಬಿಳಿ ನೂಲು ಗೋಳಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ.

ಮೊದಲು ಗೋಳದ ನಡುವಿನ ಭೂಮಧ್ಯ ರೇಖೆಗೆ ದಾರ ಸುತ್ತಿ ಅಳೆಯಿರಿ. ನನ್ನ ಗೋಳಕ್ಕೆ 96 ಸೆಂಟಿಮೀಟರ್ ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 96ರಿಂದ ಭಾಗಿಸಿದರೆ 417. ಅಂದರೆ ನನ್ನ ಗೋಳದ ಮೇಲೆ 1 ಸೆಂಟಿಮೀಟರ್ ದಾರಕ್ಕೆ 417 ಕಿ.ಮೀ. ನಿಮ್ಮದು 8 ಇಂಚಿನ ಗೋಳವಾದರೆ ಸುತ್ತಳತೆ 64 ಸೆಂಟಿಮೀಟರ್ ಆಸುಪಾಸು, 1 ಸೆಂಟಿಮೀಟರಿಗೆ 625 ಕಿ.ಮೀ. ಈ ಅಂಕಿಯನ್ನು ಗೋಳದ ಕಾಲಿನ ಮೇಲೆ ಬರೆದು ಅಂಟಿಸಿಬಿಡಿ. ಮತ್ತೆ ಮತ್ತೆ ಲೆಕ್ಕ ಮಾಡೋದು ತಪ್ಪುತ್ತದೆ.

ಈಗ ಎರಡು ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನೀವು ದಾರಿ ಆರಿಸಬೇಡಿ. ಬಿಗಿದ ದಾರ ತಾನಾಗಿಯೇ ಹತ್ತಿರದ ದಾರಿಗೆ ಬಂದು ಕೂರುತ್ತದೆ. ಸಡಿಲ ಇದ್ದರೆ ಮಾತ್ರ ಅಡ್ಡಾದಿಡ್ಡಿ ಹೋಗುತ್ತದೆ.

ಆ ಅಮ್ಮನ ಟಿಕೆಟ್ ಹೈದರಾಬಾದಿನಿಂದ ದುಬೈಗೆ, ಅಲ್ಲಿ ವಿಮಾನ ಬದಲಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ. ಹೈದರಾಬಾದ್–ದುಬೈ ದಾರ 6 ಸೆಂಟಿಮೀಟರ್ ಬಂತು. 417ರಿಂದ ಗುಣಿಸಿದರೆ 2,500. ಸರಿಯಾದ ದೂರ ಸುಮಾರು 2,550 ಕಿ.ಮೀ. ಹೂವಿನ ದಾರದ ಲೆಕ್ಕಕ್ಕೆ ಇದು ಬಹಳ ಹತ್ತಿರ.

ದುಬೈನಿಂದ ಮುಂದಕ್ಕೆ ಅಮ್ಮನ ಕೈಗೇ ದಾರ ಕೊಟ್ಟೆ. ಅವರು ಒಂದು ತುದಿಯನ್ನು ದುಬೈ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ನಾನು ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಎಳೆದೆ. ದಾರ ಯುರೋಪಿನ ಕಡೆಗೂ ಹೋಗಲಿಲ್ಲ, ಚೀನಾ ಕಡೆಗೂ ಹೋಗಲಿಲ್ಲ. ನೆಟ್ಟಗೆ ಮೇಲಕ್ಕೆ ಹತ್ತಿ, ಗೋಳದ ನೆತ್ತಿಯ ತಿರುಪಿಗೆ ತಾಗಿ, ಆ ಕಡೆ ಇಳಿಯಿತು. ತಿರುಪು ಅಡ್ಡ ಬರುತ್ತದೆ. ದಾರವನ್ನು ಅದರ ಪಕ್ಕಕ್ಕೆ ಒತ್ತಿ ಹಿಡಿದರೆ ಸಾಕು. "ಇದು ಭೂಮಿ ನೆತ್ತಿ ಅಲ್ಲೇನು?" ಅಂತ ಅಮ್ಮ ಕೇಳಿದರು. ಹೌದು, ಉತ್ತರ ಧ್ರುವ. ದಾರ 31 ಸೆಂಟಿಮೀಟರ್. ಅಂದರೆ 12,900 ಚಿಲ್ಲರೆ ಕಿ.ಮೀ. ನಿಜವಾದ ದೂರ 13,000 ಆಸುಪಾಸು.

ಈ ಜೋಡಿಗೆ ಗೋಳವೂ ಬೇಡ, ಬಾಯಿಲೆಕ್ಕವೇ ಸಾಕು. ದುಬೈ 55 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ. ಕೂಡಿಸಿದರೆ 177. 180 ಆದರೆ ಎರಡೂ ಊರು ಧ್ರುವದ ಆ ಕಡೆ ಈ ಕಡೆ ಎದುರುಬದುರು. ಇದು ಅದಕ್ಕೆ ತೀರ ಹತ್ತಿರ. ಹಾಗಾಗಿ ಧ್ರುವದವರೆಗೆ ಹತ್ತೋದು, ಅಲ್ಲಿಂದ ಇಳಿಯೋದು ಅಂತ ಎಣಿಸಬಹುದು. ದುಬೈ 25 ಡಿಗ್ರಿ ಉತ್ತರ ಅಕ್ಷಾಂಶ. ಧ್ರುವ 90. ಹತ್ತಬೇಕಾದ್ದು 65 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ 38ಕ್ಕೆ ಸ್ವಲ್ಪ ಕಮ್ಮಿ. ಇಳಿಯಬೇಕಾದ್ದು 52. ಒಟ್ಟು 117 ಡಿಗ್ರಿ. ಭೂಮಿಯ ಸುತ್ತಳತೆ 40,000 ಕಿ.ಮೀ.ಯನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. 117ನ್ನು 111ರಿಂದ ಗುಣಿಸಿ. 12,987. ದಾರ ಹೇಳಿದ್ದೂ ಇದನ್ನೇ.

ಧ್ರುವದ ಮೇಲೆ ವಿಮಾನ ಹೋಗುತ್ತದಾ ಅಂತ ಅನುಮಾನ ಇದ್ದವರಿಗೆ ಒಂದು ಮಾತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿತು. ಆ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ಮುಂದಾಳು ಕ್ಯಾಪ್ಟನ್ ಝೋಯಾ ಅಗರ್ವಾಲ್. ಸುಮಾರು 14,000 ಕಿ.ಮೀ. ದಾರಿ, ಉತ್ತರ ಧ್ರುವದ ಮೇಲೇ ಹಾಯ್ದು ಬಂದರು. ಜನವರಿ 11ರಂದು ಬೆಂಗಳೂರಿನಲ್ಲಿ ಇಳಿದರು. ನಾನು ಆವತ್ತಿನ ಪೇಪರಿನ ಚಿತ್ರ ಕತ್ತರಿಸಿ ಗೋಳದ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಮೊದಲ ಸಲ ವಿಮಾನ ಹತ್ತುವ ಹೆಂಗಸರು ಅದನ್ನು ನೋಡಿದರೆ ಮುಖ ಸ್ವಲ್ಪ ಸಡಿಲಾಗುತ್ತದೆ.

ಇನ್ನೊಂದು ತಾಳೆ ನೋಡುವ ಉಪಾಯ. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ನೇರ ದೂರ 20,000 ಕಿ.ಮೀ.ಗಿಂತ ಜಾಸ್ತಿ ಆಗೋದೇ ಇಲ್ಲ. ಅದು ಸುತ್ತಳತೆಯ ಅರ್ಧ. ಅದಕ್ಕೂ ಜಾಸ್ತಿ ಬಂದರೆ ದಾರವನ್ನು ಗೋಳದ ಉಲ್ಟಾ ಕಡೆಯಿಂದ ಸುತ್ತಿದ್ದೀರಿ ಅಂತಲೇ ಲೆಕ್ಕ.

ಫೋನಿನಲ್ಲಿ ನೋಡೋದಾದರೆ

ಗೋಳ ಇಲ್ಲದವರು ಗೂಗಲ್ ಅರ್ಥ್‌ನಲ್ಲಿ ಅಳತೆಯ ಪಟ್ಟಿ ಒತ್ತಿ ಎರಡು ವಿಮಾನ ನಿಲ್ದಾಣ ಗುರುತು ಮಾಡಿ. ಬಾಗಿದ ಗೆರೆ ಬಂದರೆ ಹೆದರಬೇಡಿ, ಅದೇ ನೇರ ದಾರಿ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋ ತಾಣದಲ್ಲಿ ನಿಲ್ದಾಣಗಳ ಮೂರಕ್ಷರದ ಕೋಡ್ ಹಾಕಿದರೂ ಆಯಿತು. ಹೈದರಾಬಾದಿಗೆ ಎಚ್‌ವೈಡಿ, ದುಬೈಗೆ ಡಿಎಕ್ಸ್‌ಬಿ, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಕೋಡು ನಿಮ್ಮ ಟಿಕೆಟ್ ಮೇಲೇ ಇರುತ್ತದೆ. ಉತ್ತರ ಮೈಲಿಯಲ್ಲಿ ಬಂದರೆ 1.6ರಿಂದ ಗುಣಿಸಿ ಕಿ.ಮೀ. ಮಾಡಿಕೊಳ್ಳಿ. ಪೈಲಟ್‌ಗಳು ಹೇಳುವ ನಾಟಿಕಲ್ ಮೈಲಿ ಬೇರೆ, ಅದು 1.852 ಕಿ.ಮೀ.

ಮನೆಯಲ್ಲಿ ಪಿಯುಸಿ ಸೈನ್ಸ್ ಓದುವ ಮಕ್ಕಳಿದ್ದರೆ ಅವರ ಕ್ಯಾಲ್ಕುಲೇಟರಿಗೆ ಕೆಲಸ ಕೊಡಿ. ಎರಡೂ ಊರಿನ ಅಕ್ಷಾಂಶಗಳ ಸೈನ್ ಗುಣಿಸಿ ಒಂದು ಕಡೆ ಇಟ್ಟುಕೊಳ್ಳಬೇಕು. ಆಮೇಲೆ ಎರಡೂ ಅಕ್ಷಾಂಶಗಳ ಕಾಸ್ ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕಾಸ್‌ನಿಂದ ಮತ್ತೆ ಗುಣಿಸಬೇಕು. ಎರಡನ್ನೂ ಕೂಡಿಸಿ, ಬಂದದ್ದರ ಕಾಸ್ ಇನ್ವರ್ಸ್ ತೆಗೆದರೆ ಡಿಗ್ರಿ ಸಿಗುತ್ತದೆ. ಹೈದರಾಬಾದ್–ದುಬೈಗೆ 22.9 ಡಿಗ್ರಿ ಬರಬೇಕು. 111ರಿಂದ ಗುಣಿಸಿದರೆ ಅದೇ 2,540 ಚಿಲ್ಲರೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಅಂತ ಮೊದಲು ನೋಡಲಿ. ನನ್ನ ಅಕ್ಕನ ಮಗ ಎರಡು ದಿನ ತಲೆ ಕೆಡಿಸಿಕೊಂಡದ್ದು ಅದಕ್ಕೇ.

ದೂರದಿಂದ ಹೊತ್ತು

ದೊಡ್ಡ ಜೆಟ್ ವಿಮಾನ ಮೇಲೆ ಏರಿ ಸ್ಥಿರವಾದ ಮೇಲೆ ಗಂಟೆಗೆ 900 ಕಿ.ಮೀ. ಆಸುಪಾಸು ಓಡುತ್ತದೆ. ಆದರೆ ಏರುವಾಗ, ಇಳಿಯುವಾಗ ನಿಧಾನ. ನೆಲದ ಮೇಲೆ ರನ್‌ವೇವರೆಗೆ ಉರುಳೋದಕ್ಕೂ ಹೊತ್ತು ಬೇಕು. ಹಾಗಾಗಿ ನಾನು ಇಟ್ಟುಕೊಂಡಿರುವ ಸೂತ್ರ ಹೀಗಿದೆ: ಕಿ.ಮೀ.ಯನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ ಮುಕ್ಕಾಲು ಗಂಟೆ ಸೇರಿಸಿ.

ಹೈದರಾಬಾದ್–ದೆಹಲಿ 1,260 ಕಿ.ಮೀ. ಭಾಗಿಸಿದರೆ ಒಂದೂವರೆ ಗಂಟೆ. ಮುಕ್ಕಾಲು ಸೇರಿದರೆ ಎರಡೂಕಾಲು. ಟಿಕೆಟ್ ಮೇಲೂ ಹೆಚ್ಚೂ ಕಮ್ಮಿ ಅಷ್ಟೇ ಇರುತ್ತದೆ. ಹೈದರಾಬಾದ್–ದುಬೈಗೆ ಮೂರು ಗಂಟೆ, ಮೇಲೆ ಮುಕ್ಕಾಲು. ದುಬೈ–ಸ್ಯಾನ್ ಫ್ರಾನ್ಸಿಸ್ಕೊಗೆ 15 ಗಂಟೆ 20 ನಿಮಿಷ, ಮೇಲೆ ಮುಕ್ಕಾಲು, ಅಂದರೆ 16 ಗಂಟೆ. ಬೆಂಗಳೂರು–ಲಂಡನ್ 8,000 ಕಿ.ಮೀ. ದಾಟುತ್ತದೆ, 10 ಗಂಟೆಯ ಮೇಲೆ ಹಿಡಿಯಿರಿ.

ಈ ಸೂತ್ರ ರೆಕ್ಕೆಯ ಮುಂದೆ ಫ್ಯಾನ್ ತಿರುಗುವ ಸಣ್ಣ ವಿಮಾನಗಳಿಗೆ ನಡೆಯೋದಿಲ್ಲ. ಸಣ್ಣ ಊರುಗಳಿಗೆ ಓಡಿಸುವ ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸು. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣದಿಂದ ಬೆಂಗಳೂರಿಗೆ ಆಕಾಶದಲ್ಲಿ 250 ಕಿ.ಮೀ. ಅರ್ಧ ಗಂಟೆಯ ದಾರಿಗೂ ಏರಿ ಇಳಿಯೋದು ಸೇರಿ ಒಂದೂಕಾಲು ಗಂಟೆ ಹಿಡಿಯಬೇಕು. ಬಳ್ಳಾರಿ ಕಡೆಯವರು ಅಲ್ಲಿಂದ ಹೋಗೋದಾದರೆ ಆ ದಿನ ವಿಮಾನ ಇದೆಯಾ ಅಂತ ನೋಡಿಕೊಂಡೇ ಮುಂದಿನ ಟಿಕೆಟ್ ತೆಗೆಯಿರಿ. ಅದಕ್ಕೊಂದು ಟಿಕೆಟ್, ಬೆಂಗಳೂರಿನಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ಪಿಎನ್‌ಆರ್ ಇದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ನಿಮ್ಮದೇ. ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ವಿಮಾನ ಕಂಪನಿಯದು. ನೂರು ಇನ್ನೂರು ಉಳಿಸೋದಕ್ಕೆ ಹೋಗಿ ಇದನ್ನು ಬಿಡಬೇಡಿ.

ಹೋಗುವಾಗಿನ ಹೊತ್ತಿಗೂ ಬರುವಾಗಿನ ಹೊತ್ತಿಗೂ ವ್ಯತ್ಯಾಸ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಹೈದರಾಬಾದಿನಿಂದ ದುಬೈಗೆ ಹೋಗೋದಕ್ಕಿಂತ ಅಲ್ಲಿಂದ ಬರೋದಕ್ಕೆ ಅರ್ಧ ಮುಕ್ಕಾಲು ಗಂಟೆ ಕಮ್ಮಿ. ಕೆಲವರು ಭೂಮಿ ತಿರುಗೋದರಿಂದ ಅನ್ನುತ್ತಾರೆ. ಅಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. ನಿಜವಾದ ಕಾರಣ ಮೇಲಿನ ಗಾಳಿ. ವಿಮಾನ ಹಾರುವ 10 ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಕೆಲವು ಸಲ ಗಂಟೆಗೆ 200 ಕಿ.ಮೀ. ಮೀರುತ್ತದೆ. ತುಂಬಿದ ಕೃಷ್ಣೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಳವಿನ ಜೊತೆ ಹೋದರೆ ಬೇಗ, ಎದುರು ಹೋದರೆ ತಡ.

ದಾರದ ದಾರಿಯಲ್ಲೇ ವಿಮಾನ ಹೋಗುತ್ತದೆ ಅಂತಲೂ ಇಲ್ಲ. ಆಕಾಶಕ್ಕೂ ಗಡಿ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುತ್ತಿದ್ದ ವಿಮಾನಗಳು ಸುತ್ತು ಹಾಕಬೇಕಾಯಿತು, ಹೊತ್ತು ಜಾಸ್ತಿ ಆಯಿತು. 2022ರಿಂದ ಯುರೋಪ್, ಅಮೆರಿಕದ ಕಂಪನಿಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ದಾರದ ಲೆಕ್ಕಕ್ಕೂ ಟಿಕೆಟ್ ಮೇಲಿನ ಹೊತ್ತಿಗೂ ಒಂದೆರಡು ಗಂಟೆ ಹೊಂದಲಿಲ್ಲ ಅಂದರೆ ಕಾರಣ ಬಹಳ ಸಲ ಇಂಥದ್ದೇ.

ಎಲ್ಲವನ್ನೂ ರಾಯಚೂರಿನ ಗಡಿಯಾರಕ್ಕೆ ತನ್ನಿ

ಜನ ಜಾಸ್ತಿ ಎಡವೋದು ಇಲ್ಲಿ. ಅಮ್ಮನ ಟಿಕೆಟ್ ಮೇಲೆ ಹೀಗಿತ್ತು. ಜನವರಿ 12, ಹೈದರಾಬಾದ್ ಬಿಡೋದು ಬೆಳಗಿನ ಜಾವ 4.20. ದುಬೈ ಮುಟ್ಟೋದು 6.50. ದುಬೈ ಬಿಡೋದು 8.50. ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟೋದು ಮಧ್ಯಾಹ್ನ 12.50, ಅದೇ ಜನವರಿ 12. ವಿಮಾನದ ಹೊತ್ತು ಆಗಾಗ ಬದಲಾಗುತ್ತದೆ, ನಿಮ್ಮ ಟಿಕೆಟ್ ಮೇಲೆ ಬೇರೆ ಇರುತ್ತದೆ. ಲೆಕ್ಕದ ದಾರಿ ಮಾತ್ರ ಇದೇ.

ಅಮ್ಮನ ಯಜಮಾನರು ಟಿಕೆಟ್ ನೋಡಿ, "ಎಂಟೂವರೆ ತಾಸಿನಾಗ ಅಮೆರಿಕ!" ಅಂದರು. ನಾಲ್ಕು ಇಪ್ಪತ್ತರಿಂದ ಹನ್ನೆರಡು ಐವತ್ತಕ್ಕೆ ಎಂಟೂವರೆ ಗಂಟೆ, ಹೌದು. ಆದರೆ ಟಿಕೆಟ್ ಮೇಲಿನ ಒಂದೊಂದು ಹೊತ್ತೂ ಆಯಾ ಊರಿನ ಗಡಿಯಾರದ್ದು. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ಅಳೆದು ಕಳೆದ ಹಾಗೆ.

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಇಟ್ಟಿದ್ದಾರೆ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುತ್ತದೆ. ನಮ್ಮ ರಾಯಚೂರು 77 ಚಿಲ್ಲರೆ ಡಿಗ್ರಿಯಲ್ಲಿದೆ. ಅದಕ್ಕೇ ನಮ್ಮ ನೆತ್ತಿಗೆ ಸೂರ್ಯ ಬರೋದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಆಗ ಹನ್ನೆರಡೂವರೆ ಗಂಟೆ ಹಿಂದೆ. ದುಬೈನಲ್ಲಿ ಈ ತಿರುಗಿಸುವ ಪದ್ಧತಿ ಇಲ್ಲ.

ಈಗ ಕಾಗದದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಟಿಕೆಟ್ ಮೇಲಿನ ಹೊತ್ತು, ಬಲಗಡೆ ರಾಯಚೂರಿನ ಹೊತ್ತು. ದುಬೈ ಹೊತ್ತಿಗೆ ಒಂದೂವರೆ ಗಂಟೆ ಸೇರಿಸಿ: ಅಲ್ಲಿಯ 6.50 ನಮಗೆ 8.20, ಅಲ್ಲಿಯ 8.50 ನಮಗೆ 10.20. ಸ್ಯಾನ್ ಫ್ರಾನ್ಸಿಸ್ಕೊ ಹೊತ್ತಿಗೆ ಹದಿಮೂರೂವರೆ ಸೇರಿಸಿ: ಅಲ್ಲಿಯ ಮಧ್ಯಾಹ್ನ 12.50 ಅಂದರೆ ನಮ್ಮಲ್ಲಿ ರಾತ್ರಿ 2.20, ಅದೂ ಜನವರಿ 13. ಈಗ ಬಲಗಡೆ ಮಾತ್ರ ನೋಡಿ. 4.20ರಿಂದ 8.20ಕ್ಕೆ ನಾಲ್ಕು ಗಂಟೆ ಮೊದಲ ವಿಮಾನ. 10.20ರವರೆಗೆ ಎರಡು ಗಂಟೆ ದುಬೈನಲ್ಲಿ. ಅಲ್ಲಿಂದ ರಾತ್ರಿ 2.20ಕ್ಕೆ ಹದಿನಾರು ಗಂಟೆ ಎರಡನೇ ವಿಮಾನ. ಒಟ್ಟು 22 ಗಂಟೆ. 850ರ ಸೂತ್ರ ಕೊಟ್ಟದ್ದೂ ಮೂರೂಮುಕ್ಕಾಲು ಮತ್ತು ಹದಿನಾರು. ಎರಡು ದಾರಿಯಿಂದ ಬಂದ ಲೆಕ್ಕ ಹೀಗೆ ಕೂಡಿದರೆ ನಿಶ್ಚಿಂತೆ. ಕೂಡದಿದ್ದರೆ ಎಲ್ಲೋ ಗಡಿಯಾರ ತಪ್ಪಿದೆ, ಮತ್ತೆ ನೋಡಿ.

ಬಾಯಲ್ಲಿ ಮಾಡೋದಕ್ಕೆ ಒಂದು ಸುಲಭ ದಾರಿ ಇದೆ. ಮಗಳು ಹೇಳಿದ ಹೊತ್ತಿನಲ್ಲಿ ಹಗಲು ಇದ್ದದ್ದನ್ನು ರಾತ್ರಿ ಮಾಡಿ, ಚಳಿಗಾಲವಾದರೆ ಒಂದೂವರೆ ಗಂಟೆ ಸೇರಿಸಿ, ಬೇಸಿಗೆಯಾದರೆ ಅರ್ಧ ಗಂಟೆ ಸೇರಿಸಿ. ಬೇಸಿಗೆಯಲ್ಲಿ ಅವಳಿಗೆ ಮಧ್ಯಾಹ್ನ ಮೂರು ಅಂದರೆ ನಮಗೆ ಬೆಳಗಿನ ಜಾವ ಮೂರೂವರೆ.

ವಾಪಸ್ ಬರುವಾಗ ಗಾಬರಿ ಉಲ್ಟಾ. ಫೆಬ್ರವರಿ 10ರ ಮಧ್ಯಾಹ್ನ 3.50ಕ್ಕೆ ಅಲ್ಲಿ ಹತ್ತಿದವರು ಹೈದರಾಬಾದಿನಲ್ಲಿ ಇಳಿಯೋದು 12ರ ರಾತ್ರಿ 2.45ಕ್ಕೆ ಅಂದುಕೊಳ್ಳಿ. "ಎರಡು ದಿನ ವಿಮಾನದಾಗ?" ಅಂತ ಮನೆಯವರು ಎದೆ ಹಿಡಿದುಕೊಳ್ಳುತ್ತಾರೆ. ಅಲ್ಲಿಯ 10ರ ಮಧ್ಯಾಹ್ನ 3.50 ನಮಗೆ 11ರ ಬೆಳಗಿನ ಜಾವ 5.20. ಅಲ್ಲಿಂದ ಎಣಿಸಿದರೆ 21 ಗಂಟೆ 25 ನಿಮಿಷ. ಹೋಗುವಾಗಿಗಿಂತ ಕಮ್ಮಿಯೇ.

ರಾತ್ರಿ ಹನ್ನೆರಡರ ಆಚೆಯ ತಾರೀಖು

ಇದನ್ನು ಬರೆಯೋದಕ್ಕೆ ಈಗಲೂ ಮನಸ್ಸು ಭಾರ ಆಗುತ್ತದೆ. ನಾನು ಅಂಗಡಿ ತೆರೆದ ಎರಡನೇ ವರ್ಷ. ದೇವದುರ್ಗದ ಕಡೆಯ ಒಬ್ಬ ಹುಡುಗ, ಗಲ್ಫ್‌ನಲ್ಲಿ ಮೊದಲ ಕೆಲಸ. ಟಿಕೆಟ್ 17ನೇ ತಾರೀಖು, 1.55. ನಾನು "17ಕ್ಕೆ ಫ್ಲೈಟ್, ರಾತ್ರಿ ಒಂದು ಐವತ್ತೈದು" ಅಂತಷ್ಟೇ ಹೇಳಿ ಕಳಿಸಿದ್ದೆ. ಅವರು 17ರ ಸಂಜೆ ದೇವರಿಗೆ ಕಾಯಿ ಒಡೆದು, ಜೀಪು ಮಾಡಿಕೊಂಡು, ತಂದೆ, ತಾಯಿ, ಅಣ್ಣತಮ್ಮಂದಿರು ಸೇರಿ ಹೊರಟರು. ರಾತ್ರಿ ಹತ್ತಕ್ಕೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟಿದರು. ವಿಮಾನ ಅದಕ್ಕೆ ಇಪ್ಪತ್ತು ಗಂಟೆ ಮೊದಲೇ ಹೋಗಿತ್ತು. ಹುಡುಗನ ತಂದೆ ಫೋನ್ ಮಾಡಿ, "ಅವ್ವಾ, ನಾವು 17ಕ್ಕ ಬಂದೀವಲ್ಲ" ಅಂದರು. ಬೈಯಲಿಲ್ಲ. ಅದೇ ದನಿ ಕಿವಿಯಲ್ಲಿ ಉಳಿದಿದೆ. ಹೊಸ ಟಿಕೆಟ್‌ನ ಅರ್ಧ ದುಡ್ಡು ನಾನು ಹಾಕಿದೆ.

ತಪ್ಪು ಅವರದಲ್ಲ. ನಮ್ಮಲ್ಲಿ ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ. ಪಂಚಾಂಗದ ಲೆಕ್ಕವೂ ಅದೇ, ಮನೆಮಾತೂ ಅದೇ. 17ರ ರಾತ್ರಿ ಅಂದರೆ 17ರ ಹಗಲು ಕಳೆದ ಮೇಲೆ ಬರುವ ರಾತ್ರಿ. ವಿಮಾನದ ಲೆಕ್ಕದಲ್ಲಿ 17 ಶುರುವಾಗೋದು 16ರ ರಾತ್ರಿ ಹನ್ನೆರಡಕ್ಕೆ. ಗಲ್ಫ್ ಕಡೆಗೆ ಹೋಗುವ ಎಷ್ಟೋ ವಿಮಾನಗಳು ಇರೋದೇ ರಾತ್ರಿ ಹನ್ನೆರಡರಿಂದ ಬೆಳಗಿನ ಐದರ ನಡುವೆ. ಹಾಗಾಗಿ ಟಿಕೆಟ್ ಮೇಲಿನ ಹೊತ್ತು 00ರಿಂದ 05ರ ಒಳಗಿದ್ದರೆ, ತಾರೀಖನ್ನು ಬಾಯಲ್ಲಿ ಹೇಳಲೇಬೇಡಿ. ವಾರ ಹೇಳಿ, ಊಟ ಹೇಳಿ: "ಭಾನುವಾರ ರಾತ್ರಿ ಮನೆಯಲ್ಲಿ ಊಟ ಮಾಡಿ ಏಳಬೇಕು." ಅವತ್ತಿನಿಂದ ನಾನು ಹಾಗೇ ಬರೆದು ಕೊಡೋದು, ಬರೆದದ್ದನ್ನು ಅವರ ಬಾಯಿಂದ ಒಮ್ಮೆ ಹೇಳಿಸಿಯೇ ಕಳಿಸೋದು.

ಲೆಕ್ಕ ಶುರುವಾಗೋದು ನಿಮ್ಮ ಬಾಗಿಲಿನಿಂದ

22 ಗಂಟೆ ಅಂದದ್ದು ಹೈದರಾಬಾದಿನಿಂದ. ಅಮ್ಮ ಕೇಳಿದ್ದು ತನ್ನ ಮನೆಯಿಂದ ಮಗಳ ಮನೆಗೆ.

ರಾಯಚೂರಿನವರಿಗೆ ಒಂದು ಅನುಕೂಲ ಇದೆ. ಶಂಷಾಬಾದ್ ವಿಮಾನ ನಿಲ್ದಾಣ ಹೈದರಾಬಾದಿನ ನಮ್ಮ ಕಡೆಯ ಮಗ್ಗುಲಲ್ಲೇ ಇದೆ, ಊರೊಳಗೆ ಹೋಗಬೇಕಾಗಿಲ್ಲ. ಶಕ್ತಿನಗರದಲ್ಲಿ ಕೃಷ್ಣೆ ದಾಟಿ ಮಕ್ತಲ್, ದೇವರಕದ್ರ, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರ. ದಾರ ಹಿಡಿದರೆ 160 ಕಿ.ಮೀ., ರಸ್ತೆಯಲ್ಲಿ 200ಕ್ಕೆ ಸ್ವಲ್ಪ ಕಮ್ಮಿ. ಬೆಂಗಳೂರಾದರೆ 400ರ ಮೇಲೆ. ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯಿರಿ. ಅದರ ಮೇಲೆ ಇನ್ನೊಂದು ಗಂಟೆ ಸುಮ್ನೆ ಇಟ್ಟುಕೊಳ್ಳಿ. ಪಂಕ್ಚರ್ ಇದೆ, ಲಾರಿ ಸಾಲು ಇದೆ, ಚಹಾ ಇದೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಹೊರಡೋದಕ್ಕೆ ಸುಮಾರು ಒಂದು ಗಂಟೆ ಮುಂಚೆ ಲಗೇಜ್ ಕೌಂಟರ್ ಮುಚ್ಚಿಬಿಡುತ್ತಾರೆ, ಆಮೇಲೆ ಕೈಮುಗಿದರೂ ತೆಗೆಯೋದಿಲ್ಲ.

ಹಿಂದಕ್ಕೆ ಎಣಿಸಿ. ವಿಮಾನ 4.20. ಮೂರು ಗಂಟೆ ಹಿಂದೆ 1.20. ಐದು ಗಂಟೆ ಹಿಂದೆ ರಾತ್ರಿ 8.20. ನಾನು ಎಂಟು ಗಂಟೆ ಅಂತ ಬರೆದೆ, ಜನವರಿ 11ರ ರಾತ್ರಿ. ಆ ತುದಿಯಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜ್, ಕಸ್ಟಮ್ಸ್ ಸೇರಿ ಒಂದೂವರೆ ಗಂಟೆ. ಮಗಳ ಮನೆಗೆ ಕಾರಿನಲ್ಲಿ ಒಂದು ಗಂಟೆ. ಅಂದರೆ ರಾಯಚೂರಿನ ಗಡಿಯಾರದಲ್ಲಿ 13ರ ಬೆಳಗಿನ ಜಾವ 4.50. ಬಾಗಿಲಿಂದ ಬಾಗಿಲಿಗೆ 32 ಗಂಟೆ 50 ನಿಮಿಷ.

ಅಮ್ಮನಿಗೆ ಹೇಳಿದೆ: "ಅಮ್ಮಾರೆ, ಟಿಕೆಟ್ ಕೈಯಾಗ ಇದ್ರೂ 33 ತಾಸು ಬೇಕು. ನೋವು ಬಂದ ಮ್ಯಾಲೆ ಹೊರಟ್ರ ಮುಟ್ಟಾಂಗಿಲ್ರಿ. ಮೂರು ವಾರ ಮೊದಲೇ ಹೋಗ್ರಿ." ಅವರು ಫೆಬ್ರವರಿ 1ಕ್ಕೆ ಹೋಗಬೇಕು ಅಂದುಕೊಂಡಿದ್ದರು. ಹೊಲದ ಕೆಲಸ, ಮನೆಯ ಕೆಲಸ ಅಂತ ಲೆಕ್ಕ ಹಾಕುತ್ತಿದ್ದವರು ಸ್ವಲ್ಪ ಹೊತ್ತು ಗೋಳದ ಮೇಲಿನ ದಾರವನ್ನೇ ನೋಡುತ್ತಾ ಕೂತರು. ಆಮೇಲೆ 12ರ ಟಿಕೆಟ್ ತೆಗೆಸಿದರು.

ಚೀಟಿ

ಕೊನೆಗೆ ಎರಡು ಚೀಟಿ ಬರೆಯಬೇಕು. ಒಂದು ಹೋಗುವವರ ಕೈಗೆ, ಒಂದು ಮನೆಯಲ್ಲಿ ಕ್ಯಾಲೆಂಡರ್ ಪಕ್ಕಕ್ಕೆ. ಎರಡರಲ್ಲೂ ರಾಯಚೂರಿನ ಹೊತ್ತೇ, ದಪ್ಪ ಅಕ್ಷರದಲ್ಲಿ. ಅಮ್ಮನ ಚೀಟಿ ಹೀಗಿತ್ತು:

ಭಾನುವಾರ ರಾತ್ರಿ ಊಟ ಆದಮೇಲೆ 8: ಮನೆ ಬಿಡೋದು
ರಾತ್ರಿ 1.20: ಶಂಷಾಬಾದ್
ಬೆಳಗಿನ ಜಾವ 4.20: ವಿಮಾನ ಏರಿತು
ಬೆಳಿಗ್ಗೆ 8.20: ದುಬೈ
ಬೆಳಿಗ್ಗೆ 10.20: ದುಬೈ ಬಿಟ್ಟಿತು
ಇಲ್ಲಿಂದ 16 ತಾಸು ಫೋನ್ ಬರೋದಿಲ್ಲ. ಗಾಬರಿ ಬೇಡ.
ಸೋಮವಾರ ರಾತ್ರಿ ಮಲಗಿದ ಮೇಲೆ 2.20: ಸ್ಯಾನ್ ಫ್ರಾನ್ಸಿಸ್ಕೊ
4.50: ಮಗಳ ಮನೆ

ಹದಿನಾರು ತಾಸಿನ ಆ ಸಾಲನ್ನು ಬರೆಯದೆ ಬಿಡಬೇಡಿ. ಅದಿಲ್ಲದ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೇ ಫೋನ್ ಹಚ್ಚೋದು ಶುರುವಾಗುತ್ತದೆ, ಸ್ವಿಚ್ ಆಫ್ ಅಂತ ಬಂದಾಗ ಅಳು ಶುರುವಾಗುತ್ತದೆ.

ಹೋಗುವವರಿಗೆ ಒಂದು ಕೈಗಡಿಯಾರ ಕಟ್ಟಿ ಕಳಿಸಿ, ಅದನ್ನು ತಿರುಗಿಸಬೇಡಿ ಅಂತ ಹೇಳಿ. ಫೋನಿನ ಗಡಿಯಾರ ಇಳಿದ ಊರಿಗೆ ತಾನೇ ಬದಲಾಗುತ್ತದೆ. ಕೈಯಲ್ಲಿರೋದು ರಾಯಚೂರಿನದೇ ಉಳಿಯಲಿ. ಬಿಪಿ, ಶುಗರ್ ಮಾತ್ರೆ ಇದ್ದವರು ದಾರಿಯಲ್ಲಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅಮ್ಮ ಯಜಮಾನರ ಹಳೇ ಎಚ್‌ಎಂಟಿ ಕಟ್ಟಿಕೊಂಡು ಹೋದರು. ಮಣಿಕಟ್ಟಿಗೆ ದೊಡ್ಡದಾಗುತ್ತಿತ್ತು, ಪಟ್ಟಿಗೆ ಇನ್ನೊಂದು ತೂತು ಹಾಕಿಸಿದ್ದರು.

14ರಂದು, ಸಂಕ್ರಾಂತಿಯ ದಿನ, ಯಜಮಾನರು ಎಳ್ಳು ಬೆಲ್ಲ ತಂದು ಕೊಟ್ಟರು. ಜೇಬಿನಿಂದ ಮನೆಯ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು. ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಒಂದೊಂದು ಟಿಕ್. ಕೊನೆಯ ಸಾಲಿನ 4.50ನ್ನು ಹೊಡೆದು, ಪಕ್ಕದಲ್ಲಿ ತಾವೇ ಬರೆದಿದ್ದರು: 4.35.